ಹಗ್ಗದಿಂದ ಕೀಲಿಗೆ: ಹುಲ್ಲು ಕತ್ತರಿಸುವ ಯಂತ್ರ ಶುರುವಾಗುವ ಬಗೆ

ಝೀರೋ ಟರ್ನ್ ಮೋವರ್ ನಿಂತ ಜಾಗದಲ್ಲೇ ಬುಗುರಿಯಂತೆ ತಿರುಗಬಲ್ಲ, ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ. ಬಹುಪಾಲು ಮಾದರಿಗಳಲ್ಲಿ ಸ್ಟಿಯರಿಂಗ್ ಚಕ್ರ ಇರುವುದಿಲ್ಲ. ಚಾಲಕನ ತೊಡೆಗಳ ಮೇಲೆ ಎರಡು ಬದಿಯಿಂದ ಬಾಗಿ ಬರುವ ಎರಡು ಲಿವರ್‌ಗಳು ಎಡಬಲದ ಹಿಂಗಾಲಿಗಳನ್ನು ಬೇರೆಬೇರೆಯಾಗಿ ನಡೆಸುತ್ತವೆ. ಅಮೆರಿಕದ ಮಧ್ಯಪಶ್ಚಿಮದ ಬಯಲುಸೀಮೆಯಲ್ಲಿ ಹುಟ್ಟಿದ ಈ ಯಂತ್ರ ಅಲ್ಲಿನ ದೊಡ್ಡ ಅಂಗಳ, ಶಾಲೆ, ಚರ್ಚು, ಸ್ಮಶಾನ, ಮೈದಾನಗಳ ಹುಲ್ಲನ್ನು ವಾರವಾರವೂ ಸವರುತ್ತದೆ. ಇದನ್ನು ಶುರುಮಾಡಲು ಕಟ್ಟುನಿಟ್ಟಾದ ಕ್ರಮವಿದೆ: ಸೀಟಿನ ಮೇಲೆ ಕೂರಬೇಕು, ಲಿವರ್‌ಗಳನ್ನು ಹೊರಕ್ಕೆ ಸರಿಸಬೇಕು, ಬ್ರೇಕ್ ಹಾಕಿರಬೇಕು, ಅಲಗಿನ ಸ್ವಿಚ್ಚನ್ನು ಒತ್ತಿ ಕೆಳಗಿಟ್ಟಿರಬೇಕು. ಒಂದು ತಪ್ಪಿದರೂ ಕೀಲಿ ತಿರುಗಿಸಿದಾಗ ಎಂಜಿನ್ ಮಿಸುಕುವುದಿಲ್ಲ. ಮೊದಲ ಸಲ ಕುಳಿತವರಿಗೆ ಯಂತ್ರ ಕೆಟ್ಟಿದೆ ಅನ್ನಿಸುವುದು ಇಲ್ಲಿಯೇ. ಅದು ಕೆಟ್ಟಿರುವುದಿಲ್ಲ, ಎಂಜಿನ್ನಿನ ಓಟ, ಗಾಲಿಯ ಓಟ, ಅಲಗಿನ ಓಟ ಈ ಮೂರೂ ಒಟ್ಟಿಗೆ ಶುರುವಾಗದಂತೆ ತಡೆಯುತ್ತಿರುತ್ತದೆ. ಈ ಮೂರನ್ನು ಒಂದರಿಂದೊಂದು ಬಿಡಿಸಲು ಹಿಡಿದ ಕಾಲ ಸುಮಾರು ನೂರೈವತ್ತು ವರ್ಷ.

ಯಂತ್ರಕ್ಕೆ ಮೊದಲು ಹುಲ್ಲುಹಾಸು ಸಿರಿವಂತರ ಸೊತ್ತಾಗಿತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾನ್ಸೆಲಾಟ್ ಬ್ರೌನ್ (1716–1783) ಜಮೀನ್ದಾರರ ಬಂಗಲೆಗಳ ಹೊಸಿಲವರೆಗೂ ಹಸಿರು ಹರಿದು ಬರುವಂತೆ ನೆಲವನ್ನು ಅಣಿಮಾಡಿದ. ದೂರದ ಹುಲ್ಲನ್ನು ಕುರಿ ಮೇಯುತ್ತಿದ್ದವು, ಮನೆಯ ಹತ್ತಿರದ್ದನ್ನು ಆಳುಗಳು ಸೈತ್ ಹಿಡಿದು ಸವರುತ್ತಿದ್ದರು. ಸೈತ್ ನಮ್ಮ ಕುಡುಗೋಲಿನ ದಾಯಾದಿ, ಆದರೆ ಬಳಕೆಯಲ್ಲಿ ಬೇರೆ. ಕುಡುಗೋಲು ಹಿಡಿದವರು ಕುಕ್ಕರಗಾಲಲ್ಲಿ ಕೂತು ಹಿಡಿಹಿಡಿಯಾಗಿ ಕೊಯ್ಯುತ್ತಾರೆ. ಸೈತಿಗೆ ಆಳುದ್ದದ ಬಾಗಿದ ಹಿಡಿ ಇರುವುದರಿಂದ ನಿಂತು, ಸೊಂಟ ತಿರುಗಿಸಿ, ನೆಲಕ್ಕೆ ಸಮವಾಗಿ ಬೀಸಬೇಕು. ಕೆಲಸ ನಸುಕಿನಲ್ಲೇ ಆಗಬೇಕಿತ್ತು. ಇಬ್ಬನಿಗೆ ನೆನೆದ ಎಸಳು ಅಲಗಿಗೆ ಎದೆಕೊಟ್ಟು ನಿಲ್ಲುತ್ತದೆ, ಬಿಸಿಲಿಗೆ ಒಣಗಿದ್ದು ಬಾಗಿ ತಪ್ಪಿಸಿಕೊಳ್ಳುತ್ತದೆ. ಎಷ್ಟೇ ಪಳಗಿದ ಕೈಯಾದರೂ ಬೀಸಿದಲ್ಲೆಲ್ಲ ಅರ್ಧಚಂದ್ರಾಕಾರದ ಗುರುತು ಉಳಿಯುತ್ತಿತ್ತು.

ಆ ಗುರುತನ್ನು ಅಳಿಸಿದ ಉಪಾಯ ಬಂದದ್ದು ತೋಟಗಾರಿಕೆಯಿಂದಲ್ಲ, ಬಟ್ಟೆ ಗಿರಣಿಯಿಂದ. ಗ್ಲೌಸ್ಟರ್‌ಶೈರಿನ ಸ್ಟ್ರೌಡ್ ಕಣಿವೆ ಉಣ್ಣೆ ಬಟ್ಟೆಗೆ ಹೆಸರಾದ ಸೀಮೆ. ನೇಯ್ದ ಬಟ್ಟೆಯ ಮೇಲೆ ಏಳುವ ಜುಂಗನ್ನು ನುಣ್ಣಗೆ ಸವರಲು ಅಲ್ಲಿನ ಗಿರಣಿಗಳಲ್ಲಿ ಉರುಳೆಯ ಸುತ್ತ ಸುರುಳಿಯಾಗಿ ಅಲಗು ಕೂರಿಸಿದ ಯಂತ್ರವಿತ್ತು. ಎಡ್ವಿನ್ ಬಿಯರ್ಡ್ ಬಡಿಂಗ್ (1796–1846) ಅಂಥ ಯಂತ್ರಗಳ ನಡುವೆ ಬದುಕಿದ ಕುಶಲಕರ್ಮಿ. ಬಟ್ಟೆಯ ಜುಂಗು ಸವರುವ ಅಲಗು ನೆಲದ ಜುಂಗನ್ನೂ ಸವರೀತೆಂದು ಅವನಿಗೆ ಹೊಳೆಯಿತು. ಥ್ರಪ್ ಎಂಬ ಊರಿನಲ್ಲಿ ಎರಕದ ಕಾರ್ಖಾನೆ ಇಟ್ಟುಕೊಂಡಿದ್ದ ಜಾನ್ ಫೆರಬಿ ಬಂಡವಾಳ ಹಾಕಿದ. 1830ರ ಆಗಸ್ಟ್ 31ರಂದು ಪೇಟೆಂಟ್ ಸಿಕ್ಕಿತು. ಮೊದಲ ಯಂತ್ರ ಕತ್ತರಿಸುತ್ತಿದ್ದ ಅಗಲ 19 ಅಂಗುಲ. ಹಿಂದಿನ ಕಬ್ಬಿಣದ ಉರುಳೆ ನೆಲದ ಮೇಲೆ ಉರುಳಿದಂತೆ ಹಲ್ಲಿನ ಚಕ್ರಗಳು ಆ ಚಲನೆಯನ್ನು ಹೆಚ್ಚಿಸಿ ಅಲಗಿನ ಉರುಳೆಗೆ ದಾಟಿಸುತ್ತಿದ್ದವು. ಹಳ್ಳಿಯ ದೊಡ್ಡ ಮನುಷ್ಯರಿಗೆ ಇದು ಮನರಂಜನೆಯೂ ಆರೋಗ್ಯಕರ ವ್ಯಾಯಾಮವೂ ಆದೀತೆಂದು ಬಡಿಂಗ್ ಪೇಟೆಂಟಿನಲ್ಲೇ ಬರೆದ. ಯಂತ್ರ ಎಷ್ಟು ಭಾರವಿತ್ತೆಂದರೆ ಅದನ್ನು ದೂಡಲು ಹಿಂದೊಬ್ಬ, ಎಳೆಯಲು ಮುಂದೊಬ್ಬ ಬೇಕಾಗುತ್ತಿತ್ತು. ಆದರೂ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯ ಮೊದಲ ಗಿರಾಕಿಗಳ ಸಾಲಿನಲ್ಲಿತ್ತು. 1832ರಲ್ಲಿ ಇಪ್ಸ್‌ವಿಚ್ಚಿನ ರ‍್ಯಾನ್ಸಮ್ಸ್ ಕಂಪನಿ ತಯಾರಿಕೆಯ ಪರವಾನಗಿ ಪಡೆಯಿತು.

ಶುರುಮಾಡುವ ದೃಷ್ಟಿಯಿಂದ ನೋಡಿದರೆ ಬಡಿಂಗನ ಯಂತ್ರದಷ್ಟು ನಿರಪಾಯವಾದದ್ದು ಮುಂದೆ ಬರಲಿಲ್ಲ. ದೂಡಿದರೆ ಅಲಗು ತಿರುಗುತ್ತದೆ, ನಿಂತರೆ ಅಲಗು ನಿಲ್ಲುತ್ತದೆ. ಶಕ್ತಿ, ನಡೆ, ಕೊಯ್ತ ಮೂರೂ ಒಬ್ಬ ಮನುಷ್ಯನ ಕಾಲಿಗೆ ಕಟ್ಟಿಕೊಂಡಿದ್ದವು. ಯಂತ್ರಕ್ಕೆ ತನ್ನದೇ ಶಕ್ತಿ ಇಲ್ಲದಿದ್ದಾಗ ತಾನಾಗಿ ಶುರುವಾಗುವ ಭಯವೂ ಇಲ್ಲ. ಮುಂದೆ ಥಾಮಸ್ ಗ್ರೀನ್ 1859ರಲ್ಲಿ ಲೀಡ್ಸ್ ನಗರದಲ್ಲಿ ಹಲ್ಲಿನ ಚಕ್ರದ ಬದಲು ಸರಪಣಿ ಹಾಕಿ ಸದ್ದು ತಗ್ಗಿಸಿದಾಗಲೂ, 1870ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ವುಡ್ ಮೆಗ್ವಾಯರ್ ಒಬ್ಬನೇ ದೂಡಬಲ್ಲಷ್ಟು ಹಗುರ ಮಾಡಿದಾಗಲೂ ಈ ಗುಣ ಹಾಗೆಯೇ ಉಳಿದಿತ್ತು.

ಶಕ್ತಿ ಮನುಷ್ಯನ ಕಾಲಿನಿಂದ ಮೊದಲು ಕಳಚಿದ್ದು ಕುದುರೆಗೆ. 1840ರ ದಶಕದ ಆರಂಭದಲ್ಲಿ ಸ್ಕಾಟ್‌ಲೆಂಡಿನ ಆರ್‌ಬ್ರೋತ್ ಪಟ್ಟಣದ ಅಲೆಕ್ಸಾಂಡರ್ ಶ್ಯಾಂಕ್ಸ್ ತಟ್ಟು ಎಳೆಯುವ ಅಗಲವಾದ ಯಂತ್ರ ಮಾಡಿದ. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳದಿರಲು ಪ್ರಾಣಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. ಬ್ರಿಟಿಷರ ಕಾಲದ ಭಾರತದಲ್ಲಿ ಇದೇ ಕೆಲಸಕ್ಕೆ ಎತ್ತು ಬಂತು; ಕ್ಲಬ್ಬು, ಕ್ರಿಕೆಟ್ ಮೈದಾನಗಳಲ್ಲಿ ನೊಗ ಹೊತ್ತ ಎತ್ತು ಕಬ್ಬಿಣದ ಮೋವರನ್ನು ಎಳೆಯುತ್ತಿತ್ತು. ಬೆದರಿದ ಪ್ರಾಣಿ ಓಡಿದರೆ ಅಲಗೂ ಅದರ ಹಿಂದೆ ತಿರುಗುತ್ತಲೇ ಹೋಗುತ್ತದೆ. ಹೀಗಾಗಿ ಅಲಗನ್ನು ಚಕ್ರದಿಂದ ಬಿಡಿಸಿಡುವ ಕೊಂಡಿ ಮುಖ್ಯವಾಯಿತು. ದಾರಿಯ ಮೇಲೆ ನಡೆಸುವಾಗ ಅಲಗು ಸುಮ್ಮನಿರಬೇಕು, ಹುಲ್ಲಿಗೆ ಬಂದ ಮೇಲೆ ಕೊಂಡಿ ಸಿಕ್ಕಿಸಬೇಕು. ಇಂದಿನ ಝೀರೋ ಟರ್ನ್‌ನ ಅಲಗಿನ ಸ್ವಿಚ್ಚಿಗೆ ಈ ಕೊಂಡಿಯೇ ಮೂಲಪುರುಷ.

ಪ್ರಾಣಿಯ ಬಳಿಕ ಬಂದ ಉಗಿ ಹೆಚ್ಚು ಕಾಲ ನಿಲ್ಲಲಿಲ್ಲ. ಲ್ಯಾಂಕಶೈರಿನ ಲೇಲೆಂಡ್ ಊರಿನ ಜೇಮ್ಸ್ ಸಮ್ನರ್ 1893ರಲ್ಲಿ ಉಗಿಯಂತ್ರದ ಮೋವರಿಗೆ ಪೇಟೆಂಟ್ ಪಡೆದ. ಅದನ್ನು ಶುರುಮಾಡುವುದೆಂದರೆ ಒಲೆ ಹೊತ್ತಿಸಿ ಉಗಿ ಏರುವವರೆಗೆ ಕಾಯುವುದು. ಆಮೇಲೆ 1902ರಲ್ಲಿ ರ‍್ಯಾನ್ಸಮ್ಸ್ ಪೆಟ್ರೋಲ್ ಎಂಜಿನ್ನಿನ ಮೋವರನ್ನು ಮಾರುಕಟ್ಟೆಗೆ ತಂದಿತು. ಕಾಯುವಿಕೆ ಮುಗಿಯಿತು, ಅಪಾಯ ಶುರುವಾಯಿತು.

ಪೆಟ್ರೋಲ್ ಎಂಜಿನ್ ತಾನಾಗಿ ಎಚ್ಚರಗೊಳ್ಳುವುದಿಲ್ಲ. ಯಾರಾದರೂ ಅದರ ದಂಡವನ್ನು ಒಂದೆರಡು ಸುತ್ತು ತಿರುಗಿಸಿದರೆ ಮಾತ್ರ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಬಂದು, ಒತ್ತಿಕೊಂಡು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಆರಂಭದ ಮೋಟಾರು ಕಾರುಗಳಂತೆ ಮೋವರುಗಳಿಗೂ ಬಾಗಿದ ಹಿಡಿಯಿತ್ತು. ಪಿಸ್ಟನ್ ಮೇಲೇರುವ ಮೊದಲೇ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಹಿಡಿಯ ಮೇಲಿನ ಮಣಿಕಟ್ಟು ಮುರಿಯಬಹುದು. ಕಾರಿಗೆ ಇದರ ಪರಿಹಾರ ಬೇಗ ಸಿಕ್ಕಿತು: ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಮೋವರಿಗೆ ಅದು ದುಬಾರಿಯಾಗಿತ್ತು, ಬ್ಯಾಟರಿ ಭಾರವಾಗಿತ್ತು. ಸಣ್ಣ ಎಂಜಿನ್ನುಗಳಿಗೆ ದಕ್ಕಿದ್ದು ಹಗ್ಗ. ತುದಿಯಲ್ಲಿ ಗಂಟು ಹಾಕಿದ ಹಗ್ಗವನ್ನು ಎಂಜಿನ್ನಿನ ರಾಟೆಯ ಸೀಳಿಗೆ ಸಿಕ್ಕಿಸಿ, ಎರಡು ಮೂರು ಸುತ್ತು ಸುತ್ತಿ, ಜೋರಾಗಿ ಎಳೆದರೆ ರಾಟೆ ತಿರುಗಿ ಹಗ್ಗ ಕಳಚಿ ಕೈಗೆ ಬರುತ್ತದೆ. ಬುಗುರಿ ಆಡಿದವರಿಗೆ ಈ ಎಳೆತ ಹೊಸದಲ್ಲ. ಎಂಜಿನ್ ಹಿಂದಕ್ಕೆ ಒದ್ದರೆ ಹಗ್ಗ ಕೈಯನ್ನು ರಾಟೆಯ ಕಡೆಗೆ ಸೆಳೆಯುತ್ತಿತ್ತು. ಎಳೆದ ಮೇಲೆ ಸ್ಪ್ರಿಂಗ್ ಬಲದಿಂದ ಹಗ್ಗವನ್ನು ತಾನೇ ಸುತ್ತಿಕೊಳ್ಳುವ ಏರ್ಪಾಡು ನಿಧಾನವಾಗಿ ಅದರ ಜಾಗಕ್ಕೆ ಬಂತು. ಇಂದಿಗೂ ಕೈಯಿಂದ ದೂಡುವ ಮೋವರುಗಳಲ್ಲಿ ಅದೇ ಇದೆ.

ಹಗ್ಗಕ್ಕಿಂತ ದೊಡ್ಡ ಅಪಾಯ ಯಂತ್ರದ ಹೊಟ್ಟೆಯಲ್ಲಿತ್ತು. ಬಡಿಂಗನ ಅಲಗು ಕತ್ತರಿಯಂತೆ ಎರಡು ಅಂಚುಗಳ ನಡುವೆ ಹುಲ್ಲನ್ನು ಕತ್ತರಿಸುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಜನಪ್ರಿಯವಾದ ಮೋವರಿನಲ್ಲಿ ಒಂದೇ ಚಪ್ಪಟೆ ಅಲಗು ನೆಲಕ್ಕೆ ಸಮವಾಗಿ ಫ್ಯಾನಿನಂತೆ ಗಿರ್ರೆಂದು ಸುತ್ತುತ್ತ, ಸೈತಿನ ಹಾಗೆ ವೇಗದಿಂದಲೇ ಹುಲ್ಲನ್ನು ಹೊಡೆದು ಕೆಡವುತ್ತದೆ. ಸಿಡ್ನಿಯ ಕಾನ್‌ಕಾರ್ಡ್ ಬಡಾವಣೆಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ 1952ರಲ್ಲಿ ತನ್ನ ಗ್ಯಾರೇಜಿನಲ್ಲಿ ಮಾಡಿದ ವಿಕ್ಟಾ ಮೋವರ್ ಈ ಬಗೆಯದು. ಅದರ ಮೊದಲ ಮಾದರಿಗೆ ಪೀಚ್ ಹಣ್ಣಿನ ಖಾಲಿ ಡಬ್ಬಿಯೇ ಪೆಟ್ರೋಲ್ ಟ್ಯಾಂಕು. ಮಿಲ್ವಾಕಿಯ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿ 1953ರಲ್ಲಿ ಹಗುರವಾದ ಅಲ್ಯುಮಿನಿಯಂ ಎಂಜಿನ್ ತಂದ ಮೇಲೆ ಅಮೆರಿಕದಲ್ಲೂ ಇಂಥ ಯಂತ್ರ ಅಗ್ಗವಾಯಿತು. ನ್ಯೂಯಾರ್ಕಿನ ಹೊರವಲಯದ ಲೆವಿಟೌನ್‌ನಂತೆ 1947ರಿಂದ ಎದ್ದ ಹೊಸ ಬಡಾವಣೆಗಳಲ್ಲಿ ಪ್ರತಿ ಮನೆಯ ಮುಂದೂ ಹುಲ್ಲುಹಾಸು, ಅದನ್ನು ಬೆಳೆಯಗೊಡಬಾರದೆಂಬ ಕರಾರು. ಸೈತ್ ಹಿಡಿದು ಪಳಗಿದ ಆಳುಗಳ ಕೆಲಸ, ಯಂತ್ರದ ತರಬೇತಿಯೇ ಇಲ್ಲದ ಗೃಹಸ್ಥರ ಮತ್ತು ಅವರ ಮಕ್ಕಳ ಶನಿವಾರದ ಕೆಲಸವಾಯಿತು.

ಈ ಅಗ್ಗದ ಯಂತ್ರಗಳಲ್ಲಿ ಅಲಗನ್ನು ನೇರವಾಗಿ ಎಂಜಿನ್ನಿನ ದಂಡಕ್ಕೇ ಬಿಗಿದಿರುತ್ತಿದ್ದರು. ನಡುವೆ ಕೊಂಡಿಯಿಲ್ಲ, ಕ್ಲಚ್ಚಿಲ್ಲ. ಹಗ್ಗ ಎಳೆದ ಕ್ಷಣವೇ ಅಲಗೂ ಸುತ್ತುತ್ತದೆ. ಹಗ್ಗವಿದ್ದದ್ದು ಎಂಜಿನ್ನಿನ ನೆತ್ತಿಯಲ್ಲಿ. ಎಳೆಯಲು ಬಾಗಬೇಕು, ಬಾಗಿದಾಗ ಯಂತ್ರ ಜರುಗದಂತೆ ಅದರ ಮೇಲೆ ಒಂದು ಕಾಲಿಡಬೇಕು. ಕಾಲು ಜಾರಿದರೆ ಹೋಗುವುದು ಅಲಗಿನ ಅಡಿಗೆ. ಕುದುರೆಯ ಕಾಲದಲ್ಲೇ ಕಲಿತಿದ್ದ ಪಾಠವನ್ನು ಬೆಲೆಯ ಆಸೆಗೆ ಕೈಬಿಟ್ಟದ್ದು ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯ. ಬೆರಳು, ಪಾದ ಕಳೆದುಕೊಂಡವರಲ್ಲಿ ಮಕ್ಕಳೂ ಇದ್ದರು. 1960ರ ದಶಕದಲ್ಲಿ ಬಂದ ಇನ್ನೊಂದು ಬಗೆಯ ಸ್ಟಾರ್ಟರ್‌ನಲ್ಲಿ ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಹಿಡಿ ತಿರುಗಿಸಿ ಸ್ಪ್ರಿಂಗ್ ಬಿಗಿಗೊಳಿಸಿ, ಆಮೇಲೆ ಗುಂಡಿಯೊಂದನ್ನು ಬಿಟ್ಟರೆ ಎಂಜಿನ್ ಸುತ್ತುತ್ತಿತ್ತು. ಬಾಗಿ ಎಳೆಯುವುದು ತಪ್ಪಿತು ನಿಜ. ಆದರೆ ಬಿಗಿದಿಟ್ಟ ಸ್ಪ್ರಿಂಗು ನಿಂತ ಯಂತ್ರದೊಳಗೂ ಶಕ್ತಿಯನ್ನು ಬಚ್ಚಿಟ್ಟುಕೊಂಡಿರುತ್ತದೆ. ಅಲಗಿಗೆ ಸಿಕ್ಕಿದ ಹುಲ್ಲು ತೆಗೆಯಲು ಕೈ ಹಾಕಿದವರಿಗೆ ಅದು ಕಾಣುವುದಿಲ್ಲ. ಆ ಸ್ಟಾರ್ಟರ್ ಕ್ರಮೇಣ ಮರೆಯಾಯಿತು.

ಅಮೆರಿಕದ ಮೋವರ್ ತಯಾರಕರ ಸಂಘ 1952ರಲ್ಲಿ ಹುಟ್ಟಿತು. ಮೋವರುಗಳ ಸುರಕ್ಷತೆಗೆ ಬಿ71.1 ಎಂಬ ಸ್ವಯಂಪ್ರೇರಿತ ಮಾನದಂಡ 1960ರಲ್ಲಿ ಬಂತು. ಸ್ವಯಂಪ್ರೇರಣೆ ಸಾಲಲಿಲ್ಲ. 1972ರ ಕಾಯ್ದೆಯಿಂದ ಸ್ಥಾಪನೆಯಾದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ವರ್ಷಗಳ ಹಗ್ಗಜಗ್ಗಾಟದ ನಂತರ 1979ರಲ್ಲಿ ನಡೆದು ದೂಡುವ ಮೋವರುಗಳಿಗೆ ಕಡ್ಡಾಯ ನಿಯಮ ಪ್ರಕಟಿಸಿತು. 1982ರ ಜೂನ್ 30ರ ನಂತರ ತಯಾರಾದ ಯಂತ್ರಗಳಿಗೆ ಅದು ಅನ್ವಯವಾಯಿತು. ಅದರ ತಿರುಳು ಒಂದೇ: ಹಿಡಿಕೆಯ ಮೇಲಿನ ಪಟ್ಟಿಯನ್ನು ಒತ್ತಿ ಹಿಡಿದಿರುವವರೆಗೆ ಮಾತ್ರ ಅಲಗು ಸುತ್ತಬೇಕು, ಬಿಟ್ಟ 3 ಸೆಕೆಂಡಿನೊಳಗೆ ನಿಲ್ಲಬೇಕು. ಇದು ರೈಲು, ಟ್ರಾಮುಗಳಿಂದ ಬಂದ ಆಲೋಚನೆ. ಚಾಲಕ ಕುಸಿದು ಕೈಬಿಟ್ಟರೆ ಗಾಡಿ ತಾನಾಗಿ ನಿಲ್ಲುವ ಹಿಡಿಯನ್ನು ಅಲ್ಲಿ ಮೊದಲೇ ಬಳಸುತ್ತಿದ್ದರು.

ಈ ನಿಯಮ ಶುರುಮಾಡುವ ಕ್ರಮವನ್ನೂ ಬದಲಿಸಿತು. ಕೈಬಿಟ್ಟಾಗ ಅಲಗಿನ ಜೊತೆ ಎಂಜಿನ್ನೂ ನಿಂತರೆ ಯಂತ್ರ ಅಗ್ಗವಾಗುತ್ತದೆ. ಆದರೆ ಕಲ್ಲೊಂದನ್ನು ಎತ್ತಿ ಹಾಕಲು ನಿಂತಾಗಲೆಲ್ಲ ಮತ್ತೆ ಬಾಗಿ ಹಗ್ಗ ಎಳೆಯಬೇಕು. ಹಾಗೆ ಬೇಸತ್ತವರು ಪಟ್ಟಿಯನ್ನು ದಾರದಿಂದ ಕಟ್ಟಿಬಿಡುತ್ತಾರೆ. 1981ರಲ್ಲಿ ಅಮೆರಿಕದ ಸಂಸತ್ತು ನಡುದಾರಿಯೊಂದನ್ನು ತೆರೆಯಿತು. ಅದರಂತೆ, ಹಗ್ಗ ಎಳೆಯುವ ಜಾಗ ಹಿಡಿಕೆಯ ಮೇಲ್ತುದಿಯಿಂದ 24 ಅಂಗುಲದೊಳಗೆ ಬಂದರೆ ಎಂಜಿನ್ ನಿಲ್ಲುವ ಬಗೆಯ ಯಂತ್ರಕ್ಕೂ ಒಪ್ಪಿಗೆ ಸಿಕ್ಕಿತು. ಎಂಜಿನ್ನಿನ ನೆತ್ತಿಯಲ್ಲಿದ್ದ ಹಗ್ಗದ ಹಿಡಿ ಹಿಡಿಕೆಯ ಮೇಲಕ್ಕೆ ಏರಿದ್ದು ಹೀಗೆ. ಎಳೆಯುವವರು ಅಲಗಿನಿಂದ ದೂರ ಸರಿದರು, ಬಾಗುವುದು ತಪ್ಪಿತು. ಇಷ್ಟು ಚಿಕ್ಕ ಸ್ಥಳಾಂತರದಿಂದ ಉಳಿದ ಪಾದಗಳನ್ನು ಎಣಿಸಲಾಗದು, ಆದರೆ ಇಂದು ಹಗ್ಗ ಎಳೆಯುವ ಪ್ರತಿಯೊಬ್ಬರೂ ಅದರ ಫಲಾನುಭವಿಗಳೇ.

ಇಷ್ಟರಲ್ಲಿ ಅಂಗಳ ದೊಡ್ಡದಾಗಿ, ಕುಳಿತು ಓಡಿಸುವ ಯಂತ್ರಗಳು ಬಂದಿದ್ದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್ 1961ರಲ್ಲಿ, ಜಾನ್ ಡಿಯರ್ 110 ಮಾದರಿ 1963ರಲ್ಲಿ ಹೊರಬಂದವು. ಇವು ಪುಟ್ಟ ಟ್ರ್ಯಾಕ್ಟರುಗಳು. ಹೊಟ್ಟೆಯ ಕೆಳಗೆ ಅಲಗಿನ ಪೆಟ್ಟಿಗೆ, ಮುಂದೆ ಸ್ಟಿಯರಿಂಗ್. ಟ್ರ್ಯಾಕ್ಟರಿನ ತೊಡಕೂ ಅವುಗಳ ಜೊತೆಗೇ ಬಂತು. ಮರದ ಬುಡ ಸುತ್ತುವಾಗ ಅಗಲವಾದ ವೃತ್ತದಲ್ಲಿ ತಿರುಗಿ, ಬುಡದ ಸುತ್ತ ಕತ್ತರಿಸದ ಹುಲ್ಲಿನ ಉಂಗುರ ಉಳಿಸುತ್ತಿದ್ದವು. ಸಾಲಿನ ಕೊನೆಯಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸಬೇಕಿತ್ತು.

ನಿಂತಲ್ಲೇ ತಿರುಗುವ ಉಪಾಯವನ್ನು ಮೊದಲು ಹೂಡಿದವನು ಮಿಸೂರಿ ರಾಜ್ಯದ ವಾರೆನ್ಸ್‌ಬರ್ಗಿನ ಮ್ಯಾಕ್ಸ್ ಸ್ವಿಶರ್. 1949ರ ಅವನ ರೈಡ್ ಕಿಂಗ್ ಮೂರು ಗಾಲಿಯ ಯಂತ್ರ. ಅದಕ್ಕಿಂತ ಮುಂದಿನ ಹೆಜ್ಜೆ ಬಂದದ್ದು ಪಕ್ಕದ ಕ್ಯಾನ್ಸಸ್ ರಾಜ್ಯದ ಗೋಧಿ ಹೊಲಗಳಿಂದ. ಅಲ್ಲಿ ಬೆಳೆ ಕೊಯ್ದು ಸಾಲಾಗಿ ಹಾಸುತ್ತ ಹೋಗುವ ಸ್ವಾದರ್ ಎಂಬ ದೊಡ್ಡ ಯಂತ್ರವಿತ್ತು. ಹೆಸ್ಟನ್ ಪಟ್ಟಣದ ಕಾರ್ಖಾನೆ ಅದಕ್ಕೆ ಹೆಸರಾಗಿತ್ತು. ಸ್ವಾದರಿನ ಎರಡು ಚಾಲಕ ಗಾಲಿಗಳ ವೇಗವನ್ನು ಬೇರೆಬೇರೆ ಮಾಡಿ ದಿಕ್ಕು ತಿರುಗಿಸುತ್ತಿದ್ದರು. ಉಳಿದ ಎರಡು ಗಾಲಿಗಳು ಕುರ್ಚಿಯ ಉರುಳುಗಾಲಿನಂತೆ ಎತ್ತ ಬೇಕಾದರೂ ಹೊರಳುತ್ತಿದ್ದವು. 1960ರ ದಶಕದ ಮೊದಲರ್ಧದಲ್ಲಿ ಜಾನ್ ರೆಗಿಯರ್ ಇದೇ ತತ್ವವನ್ನು ಹುಲ್ಲು ಮೋವರಿಗೆ ಇಳಿಸಿದ. ಹೆಸ್ಟನ್ನಿನ ಎಕ್ಸೆಲ್ ಇಂಡಸ್ಟ್ರೀಸ್ ಅದನ್ನು ಹಸ್ಲರ್ ಎಂಬ ಹೆಸರಿನಲ್ಲಿ ಮಾರಿತು. ಪಕ್ಕದ ಮೌಂಡ್‌ರಿಜ್ ಊರಿನಲ್ಲಿ ಗ್ರಾಸ್‌ಹಾಪರ್ ಮೋವರ್ ಹುಟ್ಟಿತು. 1970ರ ದಶಕದಲ್ಲಿ ಕಾಫಿವಿಲ್ ಪಟ್ಟಣದ ಡಿಕ್ಸನ್ ಕಂಪನಿ ಸಾಮಾನ್ಯ ಮನೆಯವರಿಗೂ ಎಟಕುವ ಮಾದರಿ ತಂದಿತು. ಒಂದೇ ರಾಜ್ಯದ ಮೂರು ಸಣ್ಣ ಊರುಗಳಲ್ಲಿ ಈ ಯಂತ್ರ ರೂಪುಗೊಂಡದ್ದು ಆಕಸ್ಮಿಕವಲ್ಲ. ಅಲ್ಲಿನ ಕಮ್ಮಾರಸಾಲೆಗಳಿಗೆ ಸ್ವಾದರಿನ ಅಂಗಾಂಗ ಪರಿಚಿತವಾಗಿತ್ತು. ಮೊದಲಿಗೆ ಅಲಗಿನ ಪೆಟ್ಟಿಗೆ ಯಂತ್ರದ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. 1990ರ ದಶಕದಲ್ಲಿ ನೆಬ್ರಾಸ್ಕದ ಎಕ್ಸ್‌ಮಾರ್ಕ್ ಕಂಪನಿಯ ಲೇಜರ್ ಝಡ್ ಮುಂತಾದವು ಅದನ್ನು ಎರಡು ಜೊತೆ ಗಾಲಿಗಳ ನಡುವೆ ತಂದವು. ಇಂದು ಎಲ್ಲೆಡೆ ಕಾಣುವುದು ಆ ರೂಪ.

ಇದರ ಶಕ್ತಿ ಎಂಜಿನ್ನಿನಿಂದ ಎರಡು ದಾರಿಯಲ್ಲಿ ಹರಿಯುತ್ತದೆ. ಒಂದು ದಾರಿ ಎರಡು ಎಣ್ಣೆ ಪಂಪುಗಳಿಗೆ. ಪ್ರತಿ ಪಂಪು ಒಂದೊಂದು ಹಿಂಗಾಲಿಯ ಮೋಟಾರಿಗೆ ಎಣ್ಣೆಯನ್ನು ಒತ್ತುತ್ತದೆ. ಲಿವರ್ ಮುಂದೆ ಹೋದರೆ ಗಾಲಿ ಮುಂದಕ್ಕೆ, ಹಿಂದೆ ಬಂದರೆ ಹಿಂದಕ್ಕೆ, ನಡುವೆ ನಿಂತರೆ ಗಾಲಿ ನಿಲ್ಲುತ್ತದೆ. ಕಾಲಿನ ಬ್ರೇಕ್ ಎಷ್ಟೋ ಮಾದರಿಗಳಲ್ಲಿ ಇಲ್ಲ. ನಿಲ್ಲಿಸುವುದೂ ಲಿವರಿನ ಕೆಲಸವೇ. ಇನ್ನೊಂದು ದಾರಿ ವಿದ್ಯುತ್ ಕ್ಲಚ್ಚಿನ ಮೂಲಕ ಅಲಗಿಗೆ. ಅಲಗಿನ ತುದಿಯ ವೇಗ ನಿಮಿಷಕ್ಕೆ 19,000 ಅಡಿ ಮೀರಬಾರದೆಂದು ಬಿ71.1 ಮಾನದಂಡ ಹೇಳುತ್ತದೆ, ಅಂದರೆ ಗಂಟೆಗೆ ಸುಮಾರು 347 ಕಿಲೋಮೀಟರ್. ಮಿತಿಯೇ ಇಷ್ಟಿರುವಾಗ ಅಲಗಿಗೆ ಸಿಕ್ಕ ಬೆಣಚುಕಲ್ಲು ಎಷ್ಟು ದೂರ ಹಾರೀತೆಂದು ಊಹಿಸಬಹುದು.

ಹೀಗಾಗಿ ಕುಳಿತು ಓಡಿಸುವ ಯಂತ್ರಗಳಿಗೆ ಹಿಡಿಕೆಯ ಪಟ್ಟಿಯ ಬದಲು ಸೀಟೇ ಕಾವಲುಗಾರನಾಯಿತು. 1980ರ ದಶಕದ ಮಾನದಂಡ ಅದನ್ನು ರೂಢಿಗೆ ತಂದಿತು: ಸೀಟಿನಡಿಯ ಸ್ವಿಚ್ಚು ಮೈಯ ಭಾರವನ್ನು ಗುರುತಿಸುತ್ತದೆ, ಅಲಗು ಓಡುತ್ತಿರುವಾಗ ಚಾಲಕ ಎದ್ದರೆ ಅಲಗು ನಿಲ್ಲುತ್ತದೆ. ಝೀರೋ ಟರ್ನ್‌ನಲ್ಲಿ ಇದರ ಜೊತೆಗೆ ಲಿವರ್‌ಗಳ ಬುಡದಲ್ಲಿ, ಬ್ರೇಕಿನಲ್ಲಿ, ಅಲಗಿನ ಗುಂಡಿಯಲ್ಲಿ ಬೇರೆ ಸ್ವಿಚ್ಚುಗಳಿವೆ. ಇವುಗಳ ಜೋಡಣೆ ಸರಳ, ಜಾಣತನದ್ದು. ಕೀಲಿಯಿಂದ ಸ್ಟಾರ್ಟರ್ ಮೋಟಾರಿಗೆ ಹೋಗುವ ತಂತಿ ಈ ಸ್ವಿಚ್ಚುಗಳನ್ನು ಒಂದಾದ ಮೇಲೊಂದು ದಾಟಿಕೊಂಡೇ ಹೋಗಬೇಕು. ಒಂದು ತೆರೆದಿದ್ದರೂ ವಿದ್ಯುತ್ ಮುಂದೆ ಹರಿಯದು. ಎಂಜಿನ್ ಓಡುವಾಗ ಕಾವಲು ಬೇರೆ ಬಗೆಯದು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ತಂತಿಯನ್ನು ಯಂತ್ರದ ಚೌಕಟ್ಟಿಗೆ ಮುಟ್ಟಿಸಿದರೆ ಕಿಡಿ ಸತ್ತು ಎಂಜಿನ್ ನಿಲ್ಲುತ್ತದೆ. ಬ್ರೇಕ್ ಹಾಕದೆ ಅಥವಾ ಅಲಗು ನಿಲ್ಲಿಸದೆ ಸೀಟು ಬಿಟ್ಟರೆ ಸ್ವಿಚ್ಚುಗಳು ಆ ಕೆಲಸ ಮಾಡುತ್ತವೆ. ಶ್ಯಾಂಕ್ಸನ ತಟ್ಟುವಿನ ಹಿಂದಿದ್ದ ಕೊಂಡಿ, ಟ್ರಾಮಿನ ಹಿಡಿ, ಕೆಟರಿಂಗನ ಸ್ಟಾರ್ಟರ್ ಮೂರೂ ಈ ತಂತಿಯಲ್ಲಿ ಕೂಡಿಕೊಂಡಿವೆ.

ಇಂದಿನ ಕ್ರಮ ಕೀಲಿಗಿಂತ ಬಹಳ ಮೊದಲೇ ಶುರುವಾಗುತ್ತದೆ. ಕತ್ತರಿಸುವ ನೆಲವನ್ನು ಮೊದಲು ನಡೆದು ನೋಡಿ ಕಲ್ಲು, ತಂತಿ, ಕೋಲು, ಮಕ್ಕಳ ಆಟಿಕೆ ಎತ್ತಿಡಬೇಕು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಒಳಗೆ ಕಳಿಸಬೇಕು. ಎಂಜಿನ್ ತಣ್ಣಗಿರುವಾಗಲೇ ಬಯಲಿನಲ್ಲಿ ಪೆಟ್ರೋಲ್ ತುಂಬಬೇಕು. ಪೆಟ್ರೋಲ್ ಡಬ್ಬಿಯನ್ನು ವಾಹನದ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿಸಬಾರದು, ನೆಲಕ್ಕಿಳಿಸಿ ತುಂಬಿಸಬೇಕು. ಪ್ಲಾಸ್ಟಿಕ್ಕಿನ ಮೇಲೆ ಸೇರುವ ಸ್ಥಿರವಿದ್ಯುತ್ತಿನ ಒಂದು ಕಿಡಿ ಆವಿಗೆ ಸಾಕು. ಎಂಜಿನ್ ಎಣ್ಣೆಯ ಮಟ್ಟ, ಟಯರಿನ ಗಾಳಿ, ಹುಲ್ಲು ಹೊರಚಿಮ್ಮುವ ಬಾಯಿಯ ಮುಚ್ಚಳ ನೋಡಿಕೊಳ್ಳಬೇಕು. ಎಡಬಲದ ಟಯರುಗಳ ಗಾಳಿ ಸಮನಿಲ್ಲದಿದ್ದರೆ ಯಂತ್ರ ಒಂದು ಕಡೆಗೆ ಎಳೆಯುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಶುರುಮಾಡುವುದು ಪ್ರಾಣಾಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಹತ್ತುವಾಗ ಲಿವರ್‌ಗಳನ್ನು ಆಸರೆಗೆ ಹಿಡಿಯಬಾರದು. ಅವು ಹೊರಕ್ಕೆ ಸರಿದ ಸ್ಥಿತಿಯಲ್ಲಿ ಗಾಲಿಗಳಿಗೆ ಎಣ್ಣೆಯ ಒತ್ತಡ ಇರುವುದಿಲ್ಲ. ಕೆಲವು ಮಾದರಿಗಳಲ್ಲಿ ಹಾಗೆ ಸರಿಸುವುದೇ ಬ್ರೇಕ್ ಹಾಕಿದಂತೆ. ಬ್ರೇಕಿಗೆ ಬೇರೆ ಹಿಡಿಯಿದ್ದರೆ ಅದನ್ನು ಎಳೆದು, ಅಲಗಿನ ಗುಂಡಿ ಕೆಳಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ತಣ್ಣನೆಯ ಎಂಜಿನ್ನಿಗೆ ಚೋಕ್ ಬೇಕು, ಬಿಸಿಯಾಗಿದ್ದರೆ ಬೇಡ. ಥ್ರಾಟಲನ್ನು ನಡುಮಟ್ಟಕ್ಕಿಟ್ಟು ಕೀಲಿ ತಿರುಗಿಸಿ, ಎಂಜಿನ್ ಹಿಡಿದೊಡನೆ ಕೈಬಿಡಬೇಕು. ಹಿಡಿಯದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ನಿಲ್ಲಿಸಿ ಸ್ಟಾರ್ಟರ್ ಮೋಟಾರಿಗೆ ತಣಿಯಲು ಸಮಯ ಕೊಡಬೇಕು. ಚೋಕನ್ನು ಮೆಲ್ಲಗೆ ಬಿಟ್ಟು, ಎಂಜಿನ್ನೂ ಪಂಪಿನ ಎಣ್ಣೆಯೂ ಕೊಂಚ ಬೆಚ್ಚಗಾಗುವವರೆಗೆ ಕಾಯಬೇಕು. ಆಮೇಲಷ್ಟೇ ಬ್ರೇಕ್ ಬಿಟ್ಟು, ಎರಡೂ ಲಿವರ್‌ಗಳನ್ನು ಒಟ್ಟಿಗೆ ಒಳಕ್ಕೆ ತಂದು, ಸಮವಾಗಿ ನವಿರಾಗಿ ದೂಡಬೇಕು. ಒಂದನ್ನು ಮಾತ್ರ ದೂಡಿದರೆ ಯಂತ್ರ ಗಕ್ಕನೆ ಪಕ್ಕಕ್ಕೆ ತಿರುಗುತ್ತದೆ. ಹುಲ್ಲಿನ ಅಂಚಿಗೆ ಬಂದ ಮೇಲೆ ಅಲಗಿನ ಗುಂಡಿಯನ್ನು ಮೇಲೆತ್ತಿ, ಥ್ರಾಟಲನ್ನು ಪೂರ್ತಿ ಏರಿಸಬೇಕು. ಸ್ವಿಚ್ಚುಗಳ ಹೊಂದಾಣಿಕೆ ಮಾದರಿಯಿಂದ ಮಾದರಿಗೆ ಸ್ವಲ್ಪ ಬೇರೆಯಾಗುವುದರಿಂದ ಆಯಾ ಯಂತ್ರದ ಕೈಪಿಡಿಯೇ ಕೊನೆಯ ಮಾತು. ಅಮೆರಿಕದ ಉಪನಗರಗಳಲ್ಲಿ ನೆಲೆಸಿದ ಕನ್ನಡಿಗರೂ ಸೇರಿದಂತೆ, ಹುಲ್ಲುಹಾಸಿನ ರೂಢಿಯಿಲ್ಲದ ನಾಡಿನಿಂದ ಹೋದವರು ಮೊದಲ ದಿನ ಅದನ್ನು ಬಿಡಿಸಿ ಓದುವುದು ಅಗತ್ಯ.

ಝೀರೋ ಟರ್ನ್‌ನ ದೌರ್ಬಲ್ಯ ಇಳಿಜಾರು. ಮುಂದಿನ ಗಾಲಿಗಳು ಸ್ವತಂತ್ರವಾಗಿ ಹೊರಳುವುದರಿಂದ ದಿಕ್ಕು ಹಿಡಿಯುವ ಶಕ್ತಿಯೆಲ್ಲ ಹಿಂಗಾಲಿಗಳದೇ. ಒದ್ದೆ ಹುಲ್ಲಿನ ಮೇಲೆ ಅವು ಜಾರಿದರೆ ತಿರುಗಿಸಲೂ ಆಗದು, ನಿಲ್ಲಿಸಲೂ ಆಗದು. ತಯಾರಕರು ಸಾಮಾನ್ಯವಾಗಿ 10ರಿಂದ 15 ಡಿಗ್ರಿಗಿಂತ ಕಡಿದಾದ ಜಾಗಕ್ಕೆ ಹೋಗಬಾರದೆನ್ನುತ್ತಾರೆ. 2000ದ ದಶಕದಲ್ಲಿ ವೃತ್ತಿಪರ ಯಂತ್ರಗಳ ಸೀಟಿನ ಹಿಂದೆ ಉರುಳಿದಾಗ ಕಾಪಾಡುವ ಕಬ್ಬಿಣದ ಕಮಾನು ಬಂತು. ಕಮಾನು ಎತ್ತಿದ್ದಾಗ ಸೀಟುಬೆಲ್ಟ್ ಕಟ್ಟಿರಬೇಕು, ಮರದ ಕೊಂಬೆಗಾಗಿ ಮಡಚಿದ್ದರೆ ಬಿಚ್ಚಿರಬೇಕು. ಮಡಚಿದ ಕಮಾನಿನೊಡನೆ ಕಟ್ಟಿಕೊಂಡವರಿಗೆ ಜಿಗಿಯಲೂ ದಾರಿಯಿರುವುದಿಲ್ಲ. ಬೆಲ್ಟ್ ಕಟ್ಟುವುದು ಕೀಲಿಗೆ ಮುಂಚಿನ ಹೆಜ್ಜೆಯಾಗಿ ಕ್ರಮಕ್ಕೆ ಸೇರಿಕೊಂಡಿತು.

ಈ ಕಾವಲುಗಳ ದೊಡ್ಡ ಶತ್ರು ಆತುರ. ಉಬ್ಬುತಗ್ಗಿನ ನೆಲದಲ್ಲಿ ಚಾಲಕ ಸೀಟಿನಿಂದ ಅರೆಗಳಿಗೆ ಎಗರಿದರೂ ಎಂಜಿನ್ ಬಿಕ್ಕುತ್ತದೆ. ಹಳೆಯ ಸ್ವಿಚ್ಚು ತುಕ್ಕು ಹಿಡಿದರೆ ಶುರುವೇ ಆಗುವುದಿಲ್ಲ. ಆಗ ಎರಡು ತಂತಿ ಸೇರಿಸಿ ಸ್ವಿಚ್ಚನ್ನು ಬದಿಗೊತ್ತುವವರಿದ್ದಾರೆ. ಹಾಗೆ ಮಾಡಿದ ಯಂತ್ರ 1950ರ ದಶಕದ ಅಗ್ಗದ ಮೋವರಿನ ಸ್ಥಿತಿಗೆ ಮರಳುತ್ತದೆ, ಅದಕ್ಕಿಂತ ಹತ್ತು ಪಟ್ಟು ಭಾರದೊಂದಿಗೆ. ಬದಲಿಸಬೇಕಾದದ್ದು ಸ್ವಿಚ್ಚನ್ನು, ಅದರ ಬೆಲೆ ಒಂದು ಟ್ಯಾಂಕ್ ಪೆಟ್ರೋಲಿನದಕ್ಕಿಂತ ಬಹಳ ಹೆಚ್ಚಲ್ಲ. ತಿಂಗಳಿಗೊಮ್ಮೆಯಾದರೂ ಸುರಕ್ಷಿತ ಬಯಲಿನಲ್ಲಿ ಅಲಗಿನ ಗುಂಡಿ ಎತ್ತಿಟ್ಟು ಕೀಲಿ ತಿರುಗಿಸಿ ನೋಡಬೇಕು. ಎಂಜಿನ್ ಶುರುವಾಗದಿದ್ದರೆ ಕಾವಲು ಎಚ್ಚರವಾಗಿದೆ.

ಬ್ಯಾಟರಿಯಿಂದ ಓಡುವ ಝೀರೋ ಟರ್ನ್‌ಗಳು ಈಚೆಗೆ ಹೆಚ್ಚುತ್ತಿವೆ. ಇವುಗಳಲ್ಲಿ ಎಂಜಿನ್ ಇಲ್ಲ, ಚೋಕ್ ಇಲ್ಲ, ಹೊಗೆಯಿಲ್ಲ. ಗಾಲಿಗಳಿಗೂ ಅಲಗುಗಳಿಗೂ ಬೇರೆಬೇರೆ ಮೋಟಾರುಗಳಿರುವುದರಿಂದ ಬಿಡಿಸುವಿಕೆ ಪೂರ್ಣಗೊಂಡಂತಾಯಿತು. ಆದರೆ ನೂರು ವರ್ಷಗಳಿಂದ ಅಪಾಯದ ಗಂಟೆಯಾಗಿದ್ದ ಎಂಜಿನ್ನಿನ ಸದ್ದು ಇಲ್ಲವಾಗಿದೆ. ಕೀಲಿ ತಿರುಗಿದ ಯಂತ್ರವೂ ಮಲಗಿದ ಯಂತ್ರವೂ ಒಂದೇ ಥರ ಮೌನವಾಗಿರುತ್ತವೆ. ಯಂತ್ರ ಸಜ್ಜಾಗಿರುವುದನ್ನು ಈಗ ತಿಳಿಸುವುದು ಪರದೆಯ ಮೇಲಿನ ದೀಪ. ಸೀಟು, ಲಿವರ್, ಬ್ರೇಕ್, ಅಲಗಿನ ಗುಂಡಿಗಳ ಸ್ವಿಚ್ಚುಗಳು ಮಾತ್ರ ಇದ್ದಲ್ಲೇ ಇವೆ, ಕೆಲಸ ಮುಗಿದು ಇಳಿಯುವಾಗ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕೆಂಬ ಸೂಚನೆಯೂ ಹಾಗೆಯೇ ಇದೆ.